ನಲವತ್ತು ರಿಯಾಲ್ ಟಿಕೆಟ್, ನಿದ್ದೆ ಕೆಡಿಸಿದ ಸ್ಟೇಟಸ್

2022ರ ನವೆಂಬರ್ ತಿಂಗಳ ಕೊನೆಯ ಒಂದು ರಾತ್ರಿ. ಗಂಟೆ ಎರಡು ಆಗಿರಬಹುದು, ನಮ್ಮ ಫೋನ್ ರಿಂಗಾಯಿತು. ಆ ಹೊತ್ತಿಗೆ ಗಲ್ಫ್ ನಂಬರ್ ಕಂಡರೆ ಯಾವ ಬ್ಯಾರಿ ಮನೆಯಲ್ಲಾದರೂ ಎದೆ ಧಸಕ್ಕೆನ್ನುತ್ತದೆ. ಎತ್ತಿದರೆ ನಮ್ಮ ಮದ್ರಸದಲ್ಲಿ ಏಳನೇ ತರಗತಿವರೆಗೆ ಓದಿದ ಹುಡುಗ. ದೋಹಾದ ಒಂದು ಸೂಪರ್ ಮಾರ್ಕೆಟ್‌ನಲ್ಲಿ ಅವನಿಗೆ ಕೆಲಸ. ಸಲಾಂ ಕೂಡ ಸರಿಯಾಗಿ ಹೇಳಲಿಲ್ಲ. "ಉಸ್ತಾದ್, ನನ್ನನ್ನು ಪೊಲೀಸ್ ಹಿಡೀತಾರಾ?" ಅಂತ ಕೇಳಿದ.

ಅವನ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇವೆ. ಹೆಸರು, ಊರು ಬೇಡ ಅಂದಿದ್ದಾನೆ.

ಅವನ ಕಥೆ ಶುರುವಾದದ್ದು ವಿಶ್ವಕಪ್‌ಗೆ ಮೊದಲೇ. ಪಂದ್ಯಗಳು ನವೆಂಬರ್ 20ಕ್ಕೆ ಆರಂಭ. ಅದಕ್ಕೂ ಮುಂಚೆ ದೋಹಾದ ಕಡಲ ಬದಿಯ ಕಾರ್ನಿಶ್ ರಸ್ತೆಯಲ್ಲಿ ಮಲಯಾಳಿಗಳು, ನಮ್ಮ ಕರಾವಳಿಯವರು, ಬೇರೆ ಭಾರತೀಯರು ಅರ್ಜೆಂಟೀನಾ, ಬ್ರೆಝಿಲ್, ಇಂಗ್ಲೆಂಡ್ ಜೆರ್ಸಿ ಹಾಕಿ, ಚೆಂಡೆ ಹೊಡೆದು ಮೆರವಣಿಗೆ ಮಾಡಿದ್ದು ಹಲವರಿಗೆ ನೆನಪಿರಬಹುದು. ಆ ವೀಡಿಯೊ ಜಗತ್ತೆಲ್ಲಾ ಸುತ್ತಿತು. ಕೂಡಲೇ ಇನ್ನೊಂದು ಮಾತೂ ಸುತ್ತಿತು: 'ಇವರು ನಿಜವಾದ ಅಭಿಮಾನಿಗಳಲ್ಲ, ಕತರ್ ಸರಕಾರ ದುಡ್ಡು ಕೊಟ್ಟು ತಂದ ನಕಲಿಗಳು.' ಸಂಘಟಕರು ಅಲ್ಲಗಳೆದರು. ಆದರೆ ಆ ಮಾತು ನಿಲ್ಲಲಿಲ್ಲ. ಮೆಸ್ಸಿ ಹುಟ್ಟಿದ ದೇಶವನ್ನು ಮ್ಯಾಪಿನಲ್ಲಿ ತೋರಿಸಲು ಗೊತ್ತಿಲ್ಲದ ವಯಸ್ಸಿನಿಂದಲೂ ನೀಲಿ ಬಿಳಿ ಅಂಗಿಗೆ ಹಠ ಹಿಡಿದು ಬೆಳೆದ ಹುಡುಗರಿವರು. ಮಂಗಳೂರಿನಿಂದ ಕಾಸರಗೋಡು ದಾಟಿ ಮಲಪ್ಪುರಂವರೆಗೆ ಇದು ಯಾರಿಗೆ ಗೊತ್ತಿಲ್ಲ? ಗದ್ದೆ ಕೊಯ್ದ ಮೇಲೆ ಅದೇ ಗದ್ದೆ ಇವರಿಗೆ ಸ್ಟೇಡಿಯಂ.

ನಮ್ಮ ಹುಡುಗನೂ ಆ ಮೆರವಣಿಗೆಯಲ್ಲಿದ್ದ. ಒಂದು ವೀಡಿಯೊದಲ್ಲಿ ಅವನ ಮುಖ ಎರಡು ಸೆಕೆಂಡ್ ಕಾಣುತ್ತದೆ. ಅದರ ಅಡಿಯಲ್ಲಿ ಗೊತ್ತಿಲ್ಲದ ದೇಶದವರೆಲ್ಲಾ ಬರೆದ ಗೇಲಿ ಮಾತುಗಳನ್ನು ಅವನು ರೂಮಿನಲ್ಲಿ ಮಲಗಿ ಒಂದೊಂದಾಗಿ ಓದಿದ. ಊರಿನಲ್ಲೂ ಕೇಳಿದವರಿದ್ದರು: "ನಿನಗೆ ಎಷ್ಟು ಕೊಟ್ಟರು ಮಾರಾಯ?" ಕೇಳಿದವನಿಗೆ ಅದು ತಮಾಷೆ.

ಅವನ ಹತ್ತಿರ ಟಿಕೆಟ್ ಇತ್ತು. ಕತರ್‌ನಲ್ಲಿ ವಾಸ ಇರುವವರಿಗೆ ಮಾತ್ರ ಅಂತ ಕಡಿಮೆ ದರದ ಒಂದು ವರ್ಗ ಇಟ್ಟಿದ್ದರು, ಗ್ರೂಪ್ ಪಂದ್ಯಕ್ಕೆ 40 ರಿಯಾಲ್. ನಮ್ಮ ಲೆಕ್ಕದಲ್ಲಿ ಆಗ ಒಂಬೈನೂರು ರೂಪಾಯಿಯ ಆಸುಪಾಸು. ಕೂಲಿಯವನೂ ಒಂದು ಪಂದ್ಯ ನೋಡಲಿ ಅಂತ ಮಾಡಿದ ದರ. ನವೆಂಬರ್ 26ರಂದು ಲುಸೈಲ್ ಸ್ಟೇಡಿಯಂನಲ್ಲಿ ಅರ್ಜೆಂಟೀನಾ, ಮೆಕ್ಸಿಕೊ ಪಂದ್ಯ. ಸೌದಿ ಕೈಯಲ್ಲಿ ಸೋತಿದ್ದ ಅರ್ಜೆಂಟೀನಾಕ್ಕೆ ಅವತ್ತು ಗೆಲ್ಲಲೇಬೇಕಿತ್ತು. ಹೊರಗೆ ಮೆಕ್ಸಿಕೊದಿಂದ ಬಂದವರು ಟಿಕೆಟ್‌ಗಾಗಿ ಅಲೆಯುತ್ತಿದ್ದರು. ರೂಮಿನ ಒಬ್ಬ ಗಿರಾಕಿ ಹಿಡಿದುಕೊಟ್ಟ. ಫೋನಿನಲ್ಲೇ ಟಿಕೆಟನ್ನು ಆತನಿಗೆ ದಾಟಿಸಿದರು. 40 ರಿಯಾಲ್‌ನದ್ದು 700ಕ್ಕೆ ಹೋಯಿತು. ಮನೆಯಲ್ಲಿ ತಂಗಿಯ ನಿಶ್ಚಿತಾರ್ಥ ಇತ್ತು, ಹಣ ಬೇಕಿತ್ತು.

ಅಷ್ಟಕ್ಕೇ ನಿಂತಿದ್ದರೆ ಬೇರೆ ಮಾತು. ಅವತ್ತು ರಾತ್ರಿ ಮೊಹಲ್ಲಾದ ಗ್ರೂಪಿನಲ್ಲಿ ಎಲ್ಲರೂ ಕೇಳತೊಡಗಿದರು, "ನೀನು ಹೋಗ್ಲಿಲ್ವಾ? ಟಿಕೆಟ್ ಉಂಟು ಅಂದಿದ್ದಿ?" ನಕಲಿ ಅಂತ ಕರೆಸಿಕೊಂಡವನಿಗೆ ಅಸಲಿ ಅಂತ ತೋರಿಸಬೇಕಿತ್ತು. ಒಳಗಿದ್ದ ಗೆಳೆಯ ಕಳಿಸಿದ ಫೋಟೊವನ್ನೇ ತನ್ನ ಸ್ಟೇಟಸ್ ಮಾಡಿದ. ಮೆಸ್ಸಿ ಗೋಲು ಹೊಡೆದಾಗ ಇವನು ಇದ್ದದ್ದು ರೂಮಿನ ಮಂಚದಲ್ಲಿ. ಊರಿನಲ್ಲಿ ಸುದ್ದಿ ಆದದ್ದು 'ನಮ್ಮ ಹುಡುಗ ಲುಸೈಲ್‌ನಲ್ಲಿ' ಅಂತ. ಅವನ ಉಮ್ಮ ನೆರೆಮನೆಗೆಲ್ಲಾ ತೋರಿಸಿದರು.

ಎರಡು ದಿನ ಬಿಟ್ಟು ಯಾರೋ ಗ್ರೂಪಿನಲ್ಲಿ ಕತರ್‌ನ ಕಾನೂನು ಹಾಕಿದರು. ಅನುಮತಿ ಇಲ್ಲದೆ ವಿಶ್ವಕಪ್ ಟಿಕೆಟ್ ಮಾರಿದರೆ ಎರಡೂವರೆ ಲಕ್ಷ ರಿಯಾಲ್‌ವರೆಗೆ ದಂಡ. ಹುಡುಗನ ಸಂಬಳ ತಿಂಗಳಿಗೆ ಸಾವಿರದ ಚಿಲ್ಲರೆ. ಊಟ ಸೇರಲಿಲ್ಲ, ನಿದ್ದೆ ಬರಲಿಲ್ಲ, ಬಾಗಿಲು ತಟ್ಟಿದರೆ ಮೈ ನಡುಗುತ್ತಿತ್ತು. ನಮಗೆ ಫೋನ್ ಮಾಡಿದ್ದು ಆಗ.

ನಾವು ಏನು ಮಾಡಿದೆವು? ಅರ್ಧ ಗಂಟೆ ಬೈದೆವು. ಮೋಸ, ಸುಳ್ಳು, ರಿಯಾ, ಎಲ್ಲಾ ಪಾಠ ಹೇಳಿದೆವು. ಕೊನೆಗೆ, "ಎರಡು ರಕಅತ್ ನಮಾಝ್ ಮಾಡಿ ಮಲಗು ಮೋನೇ" ಅಂತ ಇಟ್ಟುಬಿಟ್ಟೆವು. ಹೇಳಿದ್ದು ಯಾವುದೂ ಸುಳ್ಳಲ್ಲ. ಆದರೆ ಫೋನ್ ಮಾಡಿದವನು ಆ ಹೊತ್ತಿಗೆ ಫತ್ವಾ ಕೇಳುತ್ತಿರಲಿಲ್ಲ, ನೀರಿನಲ್ಲಿ ಕೈ ಬಡಿಯುತ್ತಿದ್ದ. ಅದು ನಮಗೆ ಅರ್ಥವಾಗಲಿಲ್ಲ. ಅವನು ಮೂರು ದಿನ ಡ್ಯೂಟಿಗೆ ಹೋಗದೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಅದನ್ನು ಗಮನಿಸಿದ್ದು ಅದೇ ರೂಮಿನ ಹಿರಿಯ ಕಾಕ ಒಬ್ಬರು. ಅವರು ಕೈ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದರು, ಮನಸ್ಸಿನ ವೈದ್ಯರಿಗೆ ತೋರಿಸಿದರು. ಕೆಲವು ತಿಂಗಳು ಮದ್ದು, ಮಾತುಕತೆ. ಹುಡುಗ ಸರಿಯಾದ, ಅಲ್ಹಮ್ದುಲಿಲ್ಲಾಹ್. ಆ ಕಾಕ ಓದಿದ್ದು ನಾಲ್ಕನೇ ತರಗತಿಯಂತೆ.

ಟಿಕೆಟ್ ಎಂಬ ಒಂದು ಚೂರು ಕಾಗದಕ್ಕೆ, ಈಗ ಫೋನಿನೊಳಗಿನ ಒಂದು ಚೌಕಕ್ಕೆ, ಇಷ್ಟೆಲ್ಲಾ ಯಾಕೆ ಅಂತ ಕೇಳುವವರಿದ್ದಾರೆ. ದೊಡ್ಡ ದೇಶದ ಒಂದು ಸಂಗತಿ ನೋಡೋಣ. ಕೊರೋನಾದಿಂದ ಒಂದು ವರ್ಷ ಮುಂದೆ ಹೋಗಿದ್ದ ಯುರೋ ಕಪ್‌ನ ಫೈನಲ್ 2021ರ ಜುಲೈ 11ರಂದು ಲಂಡನ್‌ನ ವೆಂಬ್ಲಿ ಸ್ಟೇಡಿಯಂನಲ್ಲಿ ನಡೆಯಿತು. ಇಂಗ್ಲೆಂಡ್ ಇಟಲಿ ಮುಖಾಮುಖಿ. 1966ರ ನಂತರ ಇಂಗ್ಲೆಂಡ್‌ಗೆ ಇಂಥ ದೊಡ್ಡ ಫೈನಲ್ ಸಿಕ್ಕಿರಲಿಲ್ಲ. 90 ಸಾವಿರ ಜನ ಹಿಡಿಸುವಲ್ಲಿ ಕೊರೋನಾ ನಿಯಮದಿಂದ 67 ಸಾವಿರಕ್ಕೆ ಮಾತ್ರ ಅವಕಾಶ. ಒಳಗೆ ಸೀಟು ಖಾಲಿ ಉಂಟು ಎಂಬುದು ಹೊರಗಿದ್ದವರಿಗೆಲ್ಲಾ ಗೊತ್ತಿತ್ತು. ಸುಮಾರು ಎರಡು ಸಾವಿರ ಜನ ಟಿಕೆಟ್ ಇಲ್ಲದೆ ನುಗ್ಗಿದರು. ಟಿಕೆಟ್ ಇದ್ದವರ ಬೆನ್ನಿಗೆ ಅಂಟಿಕೊಂಡು ಒಳಗೆ ಹೋದವರು ಕೆಲವರು. ಇನ್ನೂ ಕೆಲವರು ಅಂಗವಿಕಲರಿಗಾಗಿ ತೆರೆದ ಬಾಗಿಲುಗಳಿಗೆ, ಬೆಂಕಿ ಬಿದ್ದರೆ ಹೊರಬರಲು ಇಟ್ಟ ತುರ್ತು ಬಾಗಿಲುಗಳಿಗೆ ಗುಂಪಾಗಿ ಎರಗಿದರು. ಗಾಲಿಕುರ್ಚಿಯಲ್ಲಿ ಬಂದವರು ಈ ನೂಕಾಟದ ನಡುವೆ ಸಿಕ್ಕಿದರು. ನುಗ್ಗುವುದನ್ನೇ ವೀಡಿಯೊ ಮಾಡಿ ಹಾಕಿದವರಿದ್ದರು. ನೋಡಿದ ಇನ್ನಷ್ಟು ಜನರಿಗೆ ಧೈರ್ಯ ಬಂದಿರದೆ ಇರುತ್ತದಾ?

ನಂತರ ತನಿಖೆ ನಡೆಸಿದ ಲೂಯಿಸ್ ಕೇಸಿ ಎಂಬವರು ಅವತ್ತು ಸಾವು ಸಂಭವಿಸದಿದ್ದದ್ದು ಅದೃಷ್ಟ ಎಂಬ ಅರ್ಥದಲ್ಲಿ ವರದಿ ಕೊಟ್ಟರು. ಅಂಥ ಗುಂಪು ಬಾಗಿಲಿಗೆ ಎರಗಿದ ಸಂದರ್ಭಗಳು ವರದಿಯ ಪ್ರಕಾರ 17. ಇಂಗ್ಲೆಂಡ್ ತಂಡ ಮುಂದಿನ ವರ್ಷ ಇಟಲಿ ಜೊತೆಗಿನ ಒಂದು ಪಂದ್ಯವನ್ನು ಸಾಮಾನ್ಯ ಪ್ರೇಕ್ಷಕರಿಲ್ಲದೆ ಆಡಬೇಕಾಯಿತು, ದಂಡ ಬೇರೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜೀವ ಹೋದದ್ದನ್ನು ಕಂಡ ನಮಗೆ ಜನ ಮತ್ತು ಗೇಟು ಎಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಅದೇ ವೆಂಬ್ಲಿ ರಾತ್ರಿಗೆ ಇನ್ನೊಂದು ಮುಖ ಉಂಟು. ಪೆನಾಲ್ಟಿಯಲ್ಲಿ ಇಂಗ್ಲೆಂಡ್ ಸೋತಿತು. ಗೋಲು ತಪ್ಪಿದ ಮೂವರು ರ‍್ಯಾಶ್‌ಫೋರ್ಡ್, ಸಾಂಚೊ, ಸಾಕಾ. ಮೂವರೂ ಕಪ್ಪು ವರ್ಣದವರು. ಸಾಕಾಗೆ ಆಗ 19 ವರ್ಷ. ನಮ್ಮಲ್ಲಿ ಆ ವಯಸ್ಸಿನ ಮಕ್ಕಳು ಡಿಗ್ರಿ ಎರಡನೇ ವರ್ಷದಲ್ಲಿರುತ್ತಾರೆ. ಪಂದ್ಯ ಮುಗಿದ ಕೆಲವೇ ಹೊತ್ತಿನಲ್ಲಿ ಅವರ ಪುಟಗಳ ಮೇಲೆ ಜನಾಂಗೀಯ ಬೈಗುಳದ ಮಳೆ. ತನ್ನ ಪಾಲಿಗೆ ಎಂಥ ದ್ವೇಷ ಬರಲಿದೆ ಅಂತ ಆ ಕ್ಷಣಕ್ಕೇ ಗೊತ್ತಾಗಿತ್ತು ಎಂದು ಸಾಕಾ ಆಮೇಲೆ ಬರೆದುಕೊಂಡ. ಪೊಲೀಸರು 207 ಪೋಸ್ಟ್‌ಗಳನ್ನು ಅಪರಾಧ ಅಂತ ಗುರುತಿಸಿದರು. ಆದರೆ ಇಂಗ್ಲೆಂಡ್ ಬ್ರಿಟನ್ ಒಳಗಿನ ಖಾತೆಗಳು ಅದರಲ್ಲಿ 34 ಮಾತ್ರ, ಬಹಳಷ್ಟು ಹೊರ ದೇಶಗಳದ್ದು. ಅಂದರೆ ಸೋತ ದೇಶದವನಲ್ಲದವನೂ, ಸ್ಟೇಡಿಯಂನ ಬಾಗಿಲು ಕಾಣದವನೂ, ಎಲ್ಲೋ ಹಾಸಿಗೆಯಲ್ಲಿ ಕೂತು ಒಬ್ಬ ಹುಡುಗನ ಎದೆಗೆ ಕಲ್ಲು ಹೊಡೆದ. ನಮ್ಮ ಮಕ್ಕಳ ಫೋನಿನಿಂದ ಅಂಥ ಕಲ್ಲು ಹೋಗಿಲ್ಲ ಅಂತ ನಾವು ಆಣೆ ಹಾಕಲಾರೆವು. ವಿಶ್ವಕಪ್ ಹೊತ್ತಿನಲ್ಲಿ ಮೊಹಲ್ಲಾ ಗ್ರೂಪುಗಳಲ್ಲಿ ಅರ್ಜೆಂಟೀನಾ ಮತ್ತು ಬ್ರೆಝಿಲ್ ಕಡೆಯವರು ಒಬ್ಬರಿಗೊಬ್ಬರು ಬರೆದುಕೊಳ್ಳುವುದನ್ನು ಓದಿದ್ದೇವೆ. ಒಂದೇ ಸಫ್‌ನಲ್ಲಿ ನಿಲ್ಲುವವರು.

ಅಭಿಮಾನಿಗಳದ್ದೇ ಯಾವತ್ತೂ ತಪ್ಪು ಅಂತ ತಿಳಿಯುವುದೂ ಬೇಡ. ಇಲ್ಲಿ ಒಂದು ಹಳೆಯ ನೋವು ಹೇಳಲೇಬೇಕು. 1989ರ ಎಪ್ರಿಲ್ 15ರಂದು ಇಂಗ್ಲೆಂಡಿನ ಶೆಫೀಲ್ಡ್ ನಗರದ ಹಿಲ್ಸ್‌ಬರೊ ಸ್ಟೇಡಿಯಂನಲ್ಲಿ ನೂಕುನುಗ್ಗಲು ಆಗಿ ಲಿವರ್‌ಪೂಲ್ ತಂಡದ ಅಭಿಮಾನಿಗಳು ಸತ್ತರು. ಲೆಕ್ಕ ಕೊನೆಗೆ 97ಕ್ಕೆ ಮುಟ್ಟಿತು. ಗೇಟ್ ತೆರೆಯಲು ಆದೇಶ ಕೊಟ್ಟ ಪೊಲೀಸ್ ಅಧಿಕಾರಿಯೇ, ಅಭಿಮಾನಿಗಳು ಗೇಟ್ ಒಡೆದು ಬಂದರು ಅಂತ ಹೇಳಿದರು. ಟಿಕೆಟ್ ಇಲ್ಲದ ಕುಡುಕರು ಎಂಬ ಹೆಸರು ಸತ್ತವರಿಗೂ ಬದುಕಿದವರಿಗೂ ಅಂಟಿತು. ಅಭಿಮಾನಿಗಳ ತಪ್ಪಿಲ್ಲ ಎಂದು ತೀರ್ಪು ಬಂದದ್ದು 2016ರಲ್ಲಿ. 27 ವರ್ಷ ತಾಯಂದಿರು ಕೋರ್ಟ್ ಮೆಟ್ಟಿಲು ಹತ್ತಿದರು. ಬದುಕಿ ಬಂದವರಲ್ಲಿ ಅನೇಕರು ನಿದ್ದೆಯಲ್ಲಿ ಬೆಚ್ಚಿ ಬೀಳುತ್ತಾ, ನಾನೇಕೆ ಉಳಿದೆ ಅಂತ ತಮ್ಮನ್ನೇ ಕೇಳಿಕೊಳ್ಳುತ್ತಾ ಬದುಕಿದರು.

ಅದೇ ಲಿವರ್‌ಪೂಲ್ ಜನರಿಗೆ 2022ರ ಮೇ 28ರಂದು ಪ್ಯಾರಿಸ್‌ನಲ್ಲಿ ಮತ್ತೆ ಅದೇ ಗತಿ. ಚಾಂಪಿಯನ್ಸ್ ಲೀಗ್ ಫೈನಲ್‌ಗೆ ಟಿಕೆಟ್ ಹಿಡಿದು ಬಂದವರನ್ನು ಇಕ್ಕಟ್ಟಿನಲ್ಲಿ ಗಂಟೆಗಟ್ಟಲೆ ನಿಲ್ಲಿಸಿದರು, ಅಶ್ರುವಾಯು ಬಿಟ್ಟರು. ಪಂದ್ಯ ತಡವಾದದ್ದಕ್ಕೆ ಫ್ರಾನ್ಸ್‌ನ ಗೃಹ ಸಚಿವರು ಕೊಟ್ಟ ಕಾರಣ, 30ರಿಂದ 40 ಸಾವಿರ ಜನ ಟಿಕೆಟ್ ಇಲ್ಲದೆ ಅಥವಾ ನಕಲಿ ಟಿಕೆಟ್ ಹಿಡಿದು ಬಂದರು ಅಂತ. ಗೇಟಿನ ಯಂತ್ರಗಳಲ್ಲಿ ಸಿಕ್ಕ ನಕಲಿ ಟಿಕೆಟ್ 2,589. ಮುಂದೆ 2023ರ ಫೆಬ್ರವರಿಯಲ್ಲಿ ಬಂದ ಸ್ವತಂತ್ರ ವರದಿ ಮುಖ್ಯ ಹೊಣೆಯನ್ನು ಪಂದ್ಯ ನಡೆಸಿದ ಯುಇಎಫ್‌ಎ ಮೇಲೆಯೇ ಹೊರಿಸಿತು.

ನಕಲಿ ಟಿಕೆಟ್ ಇರಲಿಲ್ಲ ಅಂತ ಅಲ್ಲ. ಇತ್ತು. ಆದರೆ ಎರಡೂವರೆ ಸಾವಿರವನ್ನು ನಲವತ್ತು ಸಾವಿರ ಮಾಡಿದಾಗ ನಿಯತ್ತಿನಿಂದ ದುಡ್ಡು ಕೊಟ್ಟು ಬಂದವನ ಮುಖಕ್ಕೂ ಮಸಿ. ಮೋಸ ಮಾಡುವವನು ತನಗೆ ಮಾತ್ರ ಮಾಡಿಕೊಳ್ಳುವುದಿಲ್ಲ, ಇನ್ನೊಬ್ಬರನ್ನು ಸಂಶಯಿಸಲು ದಾರಿ ಮಾಡಿಕೊಡುತ್ತಾನೆ. ನಮ್ಮ ಹೆಸರು, ನಮ್ಮ ಟೊಪ್ಪಿ ನೋಡಿ ಯಾರೋ ಒಬ್ಬ ಮಾಡಿದ್ದಕ್ಕೆ ಎಲ್ಲರನ್ನೂ ನೋಡುವ ಕಣ್ಣಿನ ಅನುಭವ ನಮ್ಮ ಮನೆಗಳಿಗೆ ಚೆನ್ನಾಗಿ ಉಂಟಲ್ಲ.

ಆ ಹುಡುಗ ಆಮೇಲೆ ರಜೆಯಲ್ಲಿ ಬಂದಾಗ ಮಸೀದಿ ಜಗಲಿಯಲ್ಲಿ ಕೂತು ಕೇಳಿದ. "ಉಸ್ತಾದ್, ಕೊಂಡದ್ದನ್ನು ಲಾಭಕ್ಕೆ ಮಾರುವುದು ವ್ಯಾಪಾರ ಅಲ್ವಾ? ಅದರಲ್ಲಿ ಹರಾಮ್ ಎಂತ?" ಪ್ರಶ್ನೆ ಸರಿಯಾದದ್ದೇ. ಮೀನು, ಬಟ್ಟೆ, ಅಡಿಕೆ ಕೊಂಡು ಮಾರಿದರೆ ಯಾರೂ ತಡೆಯುವುದಿಲ್ಲ. ಟಿಕೆಟ್ ಅಂದರೆ ಒಂದು ಸೀಟಿನಲ್ಲಿ ಕೂರುವ ಹಕ್ಕು, ಶರತ್ತಿನ ಮೇಲೆ ಕೊಟ್ಟದ್ದು. ಒಪ್ಪಿದ ಶರತ್ತಿಗೆ ಮುಸಲ್ಮಾನ ಬದ್ಧ ಅಂತ ಫಿಕ್‌ಹ್ ಪಾಠದಲ್ಲಿ ಮಕ್ಕಳಿಗೆ ಕಲಿಸುತ್ತೇವೆ. ಆದರೆ ಅವನಿಗೆ ಅದಕ್ಕಿಂತ ಹೆಚ್ಚು ತಾಗಿದ್ದು ಇನ್ನೊಂದು ಮಾತು. "ನಲವತ್ತು ರಿಯಾಲ್ ದರ ಇಟ್ಟದ್ದು ನಿನ್ನಂಥವನಿಗೆ. ನೀನು ಬಿಟ್ಟಿದ್ದರೆ ನಿನ್ನ ಹಾಗೇ ಕಟ್ಟಡ ಕೆಲಸದ ಇನ್ನೊಬ್ಬ ಹೋಗುತ್ತಿದ್ದ." ಸ್ವಲ್ಪ ಹೊತ್ತು ಸುಮ್ಮನಿದ್ದ. "ಅದು ನನಗೆ ಹೊಳೀಲೇ ಇಲ್ಲ" ಅಂದ.

ಅದೇ ವಿಶ್ವಕಪ್ ಸಮಯದಲ್ಲಿ ಕೇರಳದಲ್ಲಿ ಸಮಸ್ತದ ಖುತುಬಾ ಸಮಿತಿಯವರು ಕಟೌಟ್‌ಗಳ ದುಂದುವೆಚ್ಚ ಮತ್ತು ಅತಿಯಾದ ಅಭಿಮಾನದ ಬಗ್ಗೆ ಎಚ್ಚರಿಸಿದ್ದರು. ಕೋಝಿಕ್ಕೋಡ್ ಕಡೆಯ ಪುಳ್ಳಾವೂರಿನ ಹೊಳೆಯಲ್ಲಿ ಮೆಸ್ಸಿ, ನೇಮರ್, ರೊನಾಲ್ಡೊ ಎದ್ದು ನಿಂತ ಹೊತ್ತು ಅದು. ಪರ ವಿರೋಧ ಬಹಳ ಚರ್ಚೆ ಆಯಿತು. ದುಂದುವೆಚ್ಚದ ಮಾತು ನಮಗೂ ಒಪ್ಪಿಗೆ. ಆದರೆ ಮಿಂಬರ್ ಹತ್ತಿ ಬರೇ ಬೇಡ ಬೇಡ ಅಂದರೆ ರಾತ್ರಿ ಎರಡು ಗಂಟೆಗೆ ಫೋನ್ ಮಾಡುವವನು ಮುಂದಿನ ಸಲ ಫೋನ್ ಮಾಡುವುದಿಲ್ಲ. ಅಂಥವನು ಫೋನ್ ಮಾಡಿದರೆ ಮೊದಲು ಕೇಳಬೇಕಾದದ್ದು ಊಟ ಆಯಿತಾ, ನಿದ್ದೆ ಬರುತ್ತಾ, ಹತ್ತಿರ ಯಾರಿದ್ದಾರೆ ಅಂತ. ಸರಿ ತಪ್ಪು ನಾಳೆ ಹೇಳಬಹುದು. ಊರಿನಲ್ಲಿ ಇರುವವರಿಗೆ ಸರಕಾರದ ಟೆಲಿಮನಸ್ ಸಹಾಯವಾಣಿ ಉಂಟು, ನಂಬರ್ 14416. ಹಗಲು ರಾತ್ರಿ, ಉಚಿತ, ಕನ್ನಡದಲ್ಲೂ ಮಲಯಾಳದಲ್ಲೂ ಮಾತಾಡುತ್ತಾರೆ. ಮದ್ರಸದ ಗೋಡೆಯಲ್ಲಿ ನಮಾಝ್ ಸಮಯದ ಪಟ್ಟಿ ಪಕ್ಕ ಅದನ್ನು ಬರೆದು ಅಂಟಿಸಿದ್ದೇವೆ. 'ಹುಚ್ಚರ ನಂಬರ್ ಯಾಕೆ ಉಸ್ತಾದ್' ಅಂತ ಒಬ್ಬರು ಕೇಳಿದರು. ಅವರಿಗೆ ಈ ಕಥೆಯನ್ನೇ ಹೇಳಿದೆವು.

ಸಾಕಾ 2024ರ ಯುರೋ ಕಪ್‌ನಲ್ಲಿ ಸ್ವಿಟ್ಝರ್‌ಲ್ಯಾಂಡ್ ಎದುರು ಮತ್ತೆ ಪೆನಾಲ್ಟಿ ಹೊಡೆಯಲು ಬಂದ, ಗೋಲು ಹಾಕಿದ. ಆ ರಾತ್ರಿ ದೋಹಾದಿಂದ ಹುಡುಗನ ಮೆಸೇಜ್ ಬಂತು: 'ಉಸ್ತಾದ್, ನೋಡಿದ್ರಾ?' ಸ್ಟೇಟಸ್ ಹಾಕುವುದನ್ನು ಅವನು ಬಿಟ್ಟಿದ್ದಾನೆ. ಪಂದ್ಯ ಮಾತ್ರ ಬಿಟ್ಟಿಲ್ಲ.

ಟಿಕೆಟ್ ಕೊಂಡವನ ಇಮೇಲ್ ಅವನ ಫೋನಿನಲ್ಲಿ ಉಳಿದಿತ್ತು. ಹೆಚ್ಚು ತೆಗೆದುಕೊಂಡ 660 ರಿಯಾಲ್ ವಾಪಸ್ ಕೊಡುತ್ತೇನೆ, ಹೇಗೆ ಕಳಿಸಲಿ ಅಂತ ಸ್ಪ್ಯಾನಿಷ್‌ಗೆ ಭಾಷಾಂತರ ಮಾಡಿಸಿ ಬರೆದ. ಎರಡು ಸಲ ಬರೆದ. ಉತ್ತರ ಬಂದಿಲ್ಲ. ಆ ಮೊತ್ತ ರೂಪಾಯಿಯಾಗಿ ಒಂದು ಬೇರೆ ಕವರಿನಲ್ಲಿ ಅವನ ಉಮ್ಮನ ಕಪಾಟಿನಲ್ಲಿ ಉಂಟು. ಇದರಲ್ಲಿ ಯಾರ ದುಡ್ಡು ಅಂತ ಉಮ್ಮ ಕೇಳಿದ್ದಕ್ಕೆ, ಮೆಕ್ಸಿಕೊದವರದ್ದು ಅಂದನಂತೆ.