ಖಾಸಗಿ ಪಾಲುದಾರರ ಕೆಲಸಕ್ಕೆ ಅಳತೆಗೋಲು ಯಾವುದು?

ಪ್ರಶ್ನೆ: ಮೆಟ್ರೊ ನಿರ್ವಹಣೆಯನ್ನು ಖಾಸಗಿಯವರಿಗೆ ವಹಿಸಿದರೆ, ಅವರು ನೆಟ್ಟಗೆ ಕೆಲಸ ಮಾಡುತ್ತಿದ್ದಾರೆಯೇ ಎಂದು ಸರ್ಕಾರಕ್ಕೆ ತಿಳಿಯುವುದು ಹೇಗೆ?

ಉತ್ತರ: ಇಂಥ ಅಳತೆಯನ್ನು ತುಂಬ ವಿವರವಾಗಿ ಮಾಡಿ ನೋಡಿದ ನಗರಗಳಲ್ಲಿ ಲಂಡನ್ ಒಂದು. ಅಲ್ಲಿ ರೈಲು ಓಡಿಸುವ ಕೆಲಸ ಸಾರ್ವಜನಿಕ ಸಂಸ್ಥೆಯಲ್ಲೇ ಉಳಿಯಿತು. ಹಳಿ, ಸಿಗ್ನಲ್, ಬೋಗಿ, ನಿಲ್ದಾಣಗಳ ದುರಸ್ತಿ ಮತ್ತು ನವೀಕರಣ ಮಾತ್ರ 2002-03ರಲ್ಲಿ ಮೆಟ್ರೊನೆಟ್ ಮತ್ತು ಟ್ಯೂಬ್ ಲೈನ್ಸ್ ಕಂಪನಿಗಳ ಪಾಲಾಯಿತು. ಒಪ್ಪಂದ 30 ವರ್ಷದ್ದು.

ಅಳತೆಯ ಮುಖ್ಯ ಘಟಕ 'ಪ್ರಯಾಣಿಕರು ಕಳೆದುಕೊಂಡ ಗಂಟೆಗಳು'. ಸಿಗ್ನಲ್ ಕೆಟ್ಟು ರೈಲು ಎರಡು ನಿಮಿಷ ಅಥವಾ ಹೆಚ್ಚು ತಡವಾದರೆ, ಆ ಜಾಗದಲ್ಲಿ, ಆ ಹೊತ್ತಿನಲ್ಲಿ ಎಷ್ಟು ಜನರಿಗೆ ತೊಂದರೆಯಾಯಿತೆಂದು ಲೆಕ್ಕ ಹಾಕುತ್ತಿದ್ದರು. ಹೀಗಾಗಿ ನಡುರಾತ್ರಿಯ ದೋಷಕ್ಕಿಂತ ಬೆಳಗಿನ ನೂಕುನುಗ್ಗಲಿನ ದೋಷಕ್ಕೆ ದಂಡ ಹೆಚ್ಚು. ನನಗೆ ತುಂಬ ಹಿಡಿಸಿದ್ದು ಇದೇ: ಕೆಟ್ಟ ಯಂತ್ರವನ್ನಲ್ಲ, ಕಾದ ಮನುಷ್ಯನನ್ನು ಎಣಿಸುವ ಕ್ರಮ. ಸ್ವಚ್ಛತೆಯನ್ನು ಗುರುತು ಹೇಳದೆ ಓಡಾಡುವ ಸಮೀಕ್ಷಕರು ಪರೀಕ್ಷಿಸುತ್ತಿದ್ದರು.

ಇಷ್ಟಿದ್ದೂ 2007ರ ಜುಲೈನಲ್ಲಿ ಮೆಟ್ರೊನೆಟ್ ದಿವಾಳಿಯ ಹಾದಿ ಹಿಡಿಯಿತು. ಬಹುಪಾಲು ಗುತ್ತಿಗೆಗಳು ಅದರ ಷೇರುದಾರ ಕಂಪನಿಗಳಿಗೇ ಹೋಗುತ್ತಿದ್ದವು. ಖರ್ಚು ಏಕೆ ಏರುತ್ತಿದೆ ಎಂದು ಗಟ್ಟಿಯಾಗಿ ಕೇಳುವವರು ಒಳಗಿರಲಿಲ್ಲ. ಸೇವೆ ಅಳೆಯುವ ಅಂಕಿಗಳಿದ್ದಷ್ಟು ವೆಚ್ಚದ ನಂಬಲರ್ಹ ಮಾಹಿತಿ ಸರ್ಕಾರದ ಕೈಯಲ್ಲೂ ಇರಲಿಲ್ಲ. ನಷ್ಟ ತೆರಿಗೆದಾರರ ತಲೆಗೆ ಬಂತು. 2010ರಲ್ಲಿ ಟ್ಯೂಬ್ ಲೈನ್ಸ್ ಕೂಡ ಸಾರ್ವಜನಿಕ ಒಡೆತನಕ್ಕೆ ಮರಳಿತು.

ನಮ್ಮಲ್ಲೂ ಬೆಂಗಳೂರಿನ ನಗರ ಸಾರಿಗೆ ಸಂಸ್ಥೆ ಬಿಎಂಟಿಸಿ ಖಾಸಗಿ ಗುತ್ತಿಗೆಯ ವಿದ್ಯುತ್ ಬಸ್ಸುಗಳಿಗೆ ಕಿಲೋಮೀಟರ್ ಲೆಕ್ಕದಲ್ಲಿ ಹಣ ಕೊಡುತ್ತದೆ. ಅಂಥ ಒಪ್ಪಂದಗಳಲ್ಲಿ ನಿಲ್ದಾಣದಲ್ಲಿ ಕಾದವರ ಗಂಟೆಗಳಿಗೂ, ಗುತ್ತಿಗೆದಾರರ ಖರ್ಚಿನ ಲೆಕ್ಕಕ್ಕೂ ಜಾಗವಿರಲೇಬೇಕೆಂದು ನಾನು ಬಲವಾಗಿ ನಂಬುತ್ತೇನೆ.