ಮೀಟರು ‘ಓ.ಎಲ್.’ ಎಂದರೆ ಮೋಟರು ಸುಟ್ಟಿತೆಂದಲ್ಲ



ಬೆಳ್ಳಾವಿ, ಗುಬ್ಬಿ, ಕುಣಿಗಲ್ ಕಡೆಯ ಎಷ್ಟೋ ತೆಂಗು ಅಡಿಕೆ ತೋಟಗಳಿಗೆ ಬೇಸಿಗೆಯಲ್ಲಿ ಕೊಳವೆ ಬಾವಿಯೇ ಆಧಾರ. ಮೋಟರು ನಿಂತಿತೆಂದರೆ ಮನೆಮಂದಿಗೆಲ್ಲ ಅನ್ನ ಸೇರುವುದಿಲ್ಲ. ಈಗ ಅಂಗೈಯಗಲದ ಮಲ್ಟಿಮೀಟರು ಕಡಿಮೆ ಬೆಲೆಗೇ ಸಿಗುತ್ತದೆ. ಅನೇಕ ಮನೆಗಳಲ್ಲಿ ಹುಡುಗರು ತಂದಿಟ್ಟುಕೊಂಡಿದ್ದಾರೆ, ಒಳ್ಳೆಯದೇ. ಆದರೆ ಅದು ಆಡುವ ಒಂದು ಮಾತು ಮಾತ್ರ ಬಹಳ ಮಂದಿಗೆ ಅರ್ಥವಾಗಿಲ್ಲ. ಅದರ ಎರಡು ಕಡ್ಡಿಗಳನ್ನು ತಂತಿಗೆ ಮುಟ್ಟಿಸಿದಾಗ ಅಂಕಿಯ ಬದಲು ‘ಓ’, ‘ಎಲ್’ ಎಂಬ ಎರಡು ಇಂಗ್ಲಿಷ್ ಅಕ್ಷರಗಳು ಮೂಡುತ್ತವೆ. ಅಗ್ಗದ ಮೀಟರಾದರೆ ಎಡತುದಿಯಲ್ಲಿ ಒಂಟಿ 1 ನಿಲ್ಲುತ್ತದೆ. ಕೂಡಲೇ, “ವೈಂಡಿಂಗ್ ಹೋಯ್ತು ಕಣಣ್ಣ, ಎತ್ತಿಸಿಬಿಡು” ಅಂತಾರೆ. ನೂರಾರು ಅಡಿ ಆಳದಿಂದ ಪೈಪು, ಕೇಬಲ್ಲು, ಮೋಟರು ಎತ್ತಿಸುವ ಖರ್ಚು ನಿಮಗೆ ಗೊತ್ತೇ ಇದೆ.

ಪಾವಿನಲ್ಲಿ ಸೇರು ರಾಗಿ ಸುರಿದರೆ ಏನಾಗುತ್ತದೆ? ತುಂಬಿ ಚೆಲ್ಲುತ್ತದೆ. ಚೆಲ್ಲಿತೆಂದು ರಾಗಿ ಇಲ್ಲವೆನ್ನುತ್ತೇವೆಯೆ? ಪಾವು ಒಡೆದಿದೆ ಎನ್ನುತ್ತೇವೆಯೆ? ಎರಡೂ ಇಲ್ಲ. ‘ಓ.ಎಲ್.’ ಅಂದರೂ ಇಷ್ಟೇ: “ನೀನು ಕೊಟ್ಟದ್ದು ನನ್ನ ಅಳತೆಗೆ ಮೀರಿದೆ.” ತಂತಿ ಪರೀಕ್ಷೆಗೆ ಓಮ್ ಮನೆಯಲ್ಲಿಟ್ಟಾಗ ಮೀಟರು ತನ್ನ ಬ್ಯಾಟರಿಯಿಂದ ಅತಿ ಸಣ್ಣ ಕರೆಂಟನ್ನು ಹಾಯಿಸಿ, ದಾರಿಯಲ್ಲಿ ಎಷ್ಟು ತಡೆ ಇದೆಯೆಂದು ನೋಡುತ್ತದೆ. 200 ಓಮ್ ಮನೆಯಲ್ಲಿಟ್ಟರೆ 200ಕ್ಕಿಂತ ಹೆಚ್ಚಿನ ತಡೆಯೆಲ್ಲವೂ ಅದಕ್ಕೆ ‘ಓ.ಎಲ್.’ ಆಗಿಯೇ ಕಾಣುತ್ತದೆ. ಈ ಗುರುತು ಒಂದು ಕಡೆ ಕೆಟ್ಟ ಸುದ್ದಿ, ಇನ್ನೊಂದು ಕಡೆ ಒಳ್ಳೆಯ ಸುದ್ದಿ. ಗಲಿಬಿಲಿ ಆಗುವುದು ಇಲ್ಲೇ.

ಪರೀಕ್ಷೆಗೆ ಮೊದಲು ಮೈನ್ ಸ್ವಿಚ್ ಇಳಿಸಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳತಕ್ಕದ್ದು. ಸ್ಟಾರ್ಟರಿಗೆ ‘ಆಟೋ’ ಹಾಕಿಸಿದವರಂತೂ ಇದನ್ನು ಮರೆಯಲೇಬಾರದು. ತ್ರೀ ಫೇಸ್ ಯಾವ ಗಳಿಗೆಯಲ್ಲಿ ಬಂದರೂ ಅದು ತಾನಾಗಿ ಚಾಲೂ ಆಗುತ್ತದೆ, ನಿಮ್ಮ ಕೈ ಎಲ್ಲಿದೆ ಎಂದು ನೋಡುವುದಿಲ್ಲ. ಆಮೇಲೆ ಮೋಟರಿಗೆ ಹೋಗುವ ಮೂರು ತಂತಿಗಳನ್ನು ಸ್ಟಾರ್ಟರಿನಿಂದ ಬಿಡಿಸಿ.

ಮೊದಲು ಮೀಟರಿನ ಎರಡು ಕಡ್ಡಿಗಳನ್ನೇ ಒಂದಕ್ಕೊಂದು ತಾಗಿಸಿ. ಸೊನ್ನೆಯ ಹತ್ತಿರ ಬರಬೇಕು. ಆಗಲೂ ‘ಓ.ಎಲ್.’ ಎಂದರೆ ಕಡ್ಡಿಯ ವೈರೇ ತುಂಡಾಗಿದೆ, ಅಥವಾ ಮೀಟರೇ ಕೆಟ್ಟಿದೆ. ಪಾಪ, ಮೋಟರಿನ ತಪ್ಪೇನೂ ಇಲ್ಲ.

ಆಮೇಲೆ ಕೆಂಪು, ಹಳದಿ, ನೀಲಿ ತಂತಿಗಳನ್ನು ಎರಡೆರಡಾಗಿ ಹಿಡಿದು 200 ಓಮ್ ಮನೆಯಲ್ಲಿ ನೋಡಿ. ಐದು, ಏಳೂವರೆ ಎಚ್.ಪಿ. ಮೋಟರಿನಲ್ಲಿ ಕೆಲವೇ ಓಮ್ ಬರಬೇಕು, ಮೂರು ಜೋಡಿಯೂ ಹೆಚ್ಚುಕಡಿಮೆ ಸಮನಾಗಿರಬೇಕು. ಕೆಂಪು ತಂತಿ ಸೇರಿದ ಎರಡು ಜೋಡಿಯಲ್ಲೂ ‘ಓ.ಎಲ್.’ ಬಂದು, ಹಳದಿ-ನೀಲಿಯಲ್ಲಿ ಅಂಕಿ ಬಂದರೆ ಕೆಂಪಿನ ದಾರಿ ಎಲ್ಲೋ ಕಡಿದಿದೆ. ಎಲ್ಲಿ? ಅದನ್ನು ಕಂಡುಕೊಳ್ಳದೆ ಎತ್ತಿಸಬೇಡಿ. ಬೋರಿನ ಬಾಯಿಯ ಹತ್ತಿರ ಕೇಬಲ್ಲಿನ ಜಾಯಿಂಟು ಬಿಚ್ಚಿ, ಕೆಳಕ್ಕೆ ಹೋಗುವ ತುದಿಗಳನ್ನು ಪುನಃ ಪರೀಕ್ಷಿಸಿ. ಅಲ್ಲಿ ಮೂರೂ ಸಮನಾಗಿ ಬಂದರೆ ಕಡಿದಿರುವುದು ಸ್ಟಾರ್ಟರಿನಿಂದ ಬೋರಿನವರೆಗಿನ ಕೇಬಲ್ಲು: ಇಲಿ ಕಡಿದಿರಬಹುದು, ಬದು ಅಗೆಯುವಾಗ ಗುದ್ದಲಿ ತಗುಲಿರಬಹುದು. ಮೋಟರು ಎತ್ತುವ ಖರ್ಚು ಉಳಿಯಿತು. (ಆರು ಎಳೆಯ ಕೇಬಲ್ಲಿರುವ ದೊಡ್ಡ ಮೋಟರುಗಳ ಜೋಡಣೆ ಬೇರೆ, ಅದನ್ನು ಮೆಕ್ಯಾನಿಕ್ಕಿಗೇ ಬಿಡುವುದು ಲೇಸು.)

ಮೂರನೆಯದು, ತಂತಿಯಿಂದ ಅರ್ತಿಗೆ. ಇಲ್ಲಿ ‘ಓ.ಎಲ್.’ ಬಂದರೆ ಸಂತೋಷಪಡಬೇಕು. ಕರೆಂಟು ನೀರಿಗೆ, ಮಣ್ಣಿಗೆ ಸೋರುತ್ತಿಲ್ಲ ಎಂಬ ಸೂಚನೆ ಅದು. ಆದರೆ 200 ಓಮ್ ಮನೆಯ ಮಾತನ್ನು ಇಲ್ಲಿ ನಂಬಬೇಡಿ. ಸಾವಿರ ಓಮಿನ ಸೋರಿಕೆ ಇದ್ದರೂ ಅದು ‘ಓ.ಎಲ್.’ ಅಂತಲೇ ತೋರಿಸುತ್ತದೆ. ತಿರುಗುಗುಂಡಿಯನ್ನು ಅತಿ ದೊಡ್ಡ ಮನೆಗೆ ತನ್ನಿ. ಅಗ್ಗದ ಮೀಟರುಗಳಲ್ಲಿ ಅದು ಹೆಚ್ಚಾಗಿ 2000 ಕಿಲೊ ಓಮ್, ಅಂದರೆ 2 ಮೆಗಾ ಓಮ್. ಅಲ್ಲಿಯೂ ಅಂಕಿ ಬಾರದಿದ್ದರೆ ಒಂದು ಮಟ್ಟಿಗೆ ಧೈರ್ಯ. ಅಂಕಿ ಬಂದು ಅದು 1 ಮೆಗಾ ಓಮಿಗಿಂತ ಕೆಳಗಿದ್ದರೆ ತಿಳಿದವರಿಗೆ ತೋರಿಸಬೇಕು. ಇನ್ನೊಂದು ಮಾತು. ಈಗ ಬಹಳ ಬೋರುಗಳಲ್ಲಿ ಪ್ಲಾಸ್ಟಿಕ್ ಪೈಪು ಇಳಿಸಿರುತ್ತಾರೆ. ಕಡ್ಡಿಯನ್ನು ಆ ಪೈಪಿಗೆ ಮುಟ್ಟಿಸಿದರೆ ಮೋಟರು ಪೂರಾ ಸುಟ್ಟಿದ್ದರೂ ‘ಓ.ಎಲ್.’ ಬರುತ್ತದೆ. ಸರಿಯಾದ ಅರ್ತ್ ತಂತಿಗೇ ಹಿಡಿಯಬೇಕು.

ವೋಲ್ಟೇಜ್ ನೋಡುವಾಗ ಸಂಗತಿ ಬೇರೆ, ಅಪಾಯವೂ ಹೆಚ್ಚು. ತ್ರೀ ಫೇಸಿನ ಎರಡು ತಂತಿಗಳ ನಡುವೆ 415 ವೋಲ್ಟ್ ಆಸುಪಾಸು ಇರುತ್ತದೆ. 200ರ ಮನೆಯಲ್ಲಿಟ್ಟರೆ ಒಂಟಿ 1 ಬರುತ್ತದೆ. ಅದನ್ನು ಕಂಡು ‘ಕರೆಂಟಿಲ್ಲ’ ಎಂದು ತಂತಿ ಮುಟ್ಟಿದವನ ಗತಿ ಏನು? ಮೊದಲು ಎ.ಸಿ. ವೋಲ್ಟಿನ ಅತಿ ದೊಡ್ಡ ಮನೆಯಲ್ಲಿಡಿ, ಅದು 600 ಅಥವಾ 750 ಇರುತ್ತದೆ. ಓಮ್ ಮನೆಯಲ್ಲಿಟ್ಟು ಕರೆಂಟಿರುವ ತಂತಿಗೆ ಹಚ್ಚಬಾರದು. ಕೆಂಪು ಕಡ್ಡಿ 10 ಆಂಪಿಯರ್ ತೂತಿನಲ್ಲಿದ್ದಾಗಲಂತೂ ಹಚ್ಚಲೇಬಾರದು. ಅದು ನೇರ ಶಾರ್ಟ್ ಆಗುತ್ತದೆ, ಮೀಟರು ಕೈಯಲ್ಲೇ ಸಿಡಿಯಬಹುದು.

ಸ್ಟಾರ್ಟರಿನ ಹಲಗೆಯ ಮೇಲಿರುವ ಮುಳ್ಳಿನ ಆಂಪಿಯರ್ ಮೀಟರಿಗೂ ಇದೇ ನ್ಯಾಯ. ಮೋಟರು ಹೊರಡುವಾಗ ಮಾಮೂಲಿಗಿಂತ ಐದಾರು ಪಟ್ಟು ಕರೆಂಟು ಎಳೆಯುತ್ತದೆ, ಮುಳ್ಳು ಬಲತುದಿಗೆ ಹೋಗಿ ಬಡಿಯುತ್ತದೆ. ಒಂದೆರಡು ಕ್ಷಣದಲ್ಲಿ ಇಳಿದು, ಮೋಟರಿನ ತಗಡಿನ ಮೇಲೆ ಬರೆದ ಆಂಪಿಯರಿನೊಳಗೆ ನಿಂತರೆ ಚಿಂತೆಯಿಲ್ಲ. ತುದಿಯಲ್ಲೇ ಅಂಟಿಕೊಂಡರೆ ಕೂಡಲೇ ಆಫ್ ಮಾಡಿ. ಪಂಪಿಗೆ ಮರಳು ಸಿಕ್ಕಿರಬಹುದು, ಒಂದು ಫೇಸ್ ಹೋಗಿರಬಹುದು. ಸ್ಟಾರ್ಟರು ಟ್ರಿಪ್ ಆಗಲಿಲ್ಲವೆಂದು ಮತ್ತೆ ಮತ್ತೆ ಒತ್ತಿ ನೋಡುವ ಚಟವುಂಟಲ್ಲ, ನಿಜವಾಗಿ ವೈಂಡಿಂಗ್ ಸುಡುವುದು ಆಗಲೇ.