ತಾರಸಿಯ ಮೇಲೆ ಭೂಮಿಯ ಸುತ್ತಳತೆ

ಏಪ್ರಿಲ್ 24ರ ಮಧ್ಯಾಹ್ನ. ಬೆಂಗಳೂರಿನ ನಮ್ಮ ತಾರಸಿಯಲ್ಲಿ ಒಂಬತ್ತು ವರ್ಷದ ಮಗಳು ಪರದೆ ಕಟ್ಟುವ ಒಂದು ಮೀಟರ್ ಉದ್ದದ ಸರಳನ್ನು ನೆಟ್ಟಗೆ ನಿಲ್ಲಿಸಿಕೊಂಡು ಕೂತಿದ್ದಳು. ಸರಳು ವಾಲಿದೆಯೇ ಎಂದು ನೋಡಲು ಗಾರೆಯವರ ಹಾಗೆ ದಾರಕ್ಕೊಂದು ನಟ್ಟು ಕಟ್ಟಿ ಇಳಿಬಿಟ್ಟಿದ್ದಳು. ಹನ್ನೆರಡು ದಾಟಿದ ಮೇಲೆ ನೆರಳು ಕುಗ್ಗುತ್ತಾ ಬಂತು. 12 ಗಂಟೆ 17 ನಿಮಿಷದ ಹೊತ್ತಿಗೆ ಸರಳಿನ ಬುಡದಲ್ಲಿ ಹುಡುಕಿದರೂ ಸಿಗಲಿಲ್ಲ.

ಇದು ಶೂನ್ಯ ನೆರಳಿನ ದಿನ. ಭಾರತದಲ್ಲಿ ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ಕೆಳಗಿರುವ ಎಲ್ಲ ಊರಿಗೂ ವರ್ಷಕ್ಕೆ ಎರಡು ಸಲ ಬರುತ್ತದೆ. ಇಡೀ ಕರ್ನಾಟಕ ಆ ಗೆರೆಯ ಕೆಳಗೇ ಇದೆ. ಬೆಂಗಳೂರು, ಮಂಗಳೂರಿಗೆ ಏಪ್ರಿಲ್ ಕೊನೆಯ ವಾರ, ಹುಬ್ಬಳ್ಳಿಗೆ ಮೇ ಮೊದಲ ವಾರ, ಕಲಬುರಗಿಗೆ ಮೇ 10ರ ಆಸುಪಾಸು. ಆದರೆ ಆವತ್ತು ನಾನು ಇದೊಂದನ್ನೂ ಹೇಳಲಿಲ್ಲ. ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಮನೆಯಲ್ಲೇ ಮಕ್ಕಳಿಗೆ ಕಲಿಸಲು ಹೊರಟವರಿಗೆ ಎಲ್ಲಕ್ಕಿಂತ ಕಷ್ಟದ ಕೆಲಸ ಅದೇ.

ಅಷ್ಟರಲ್ಲಿ ಕಲಬುರಗಿಯಿಂದ ಅವಳ ಮಾವನ ಫೋನು. ಅವರೂ ತಮ್ಮ ಮಾಳಿಗೆಯ ಮೇಲೆ ಅಷ್ಟೇ ಉದ್ದದ ಕೋಲು ಹಿಡಿದು ನಿಂತಿದ್ದರು. ‘ನಮ್ಮಲ್ಲಿ ನೆರಳು ಅದವಾ, ಹೋಗಿಲ್ಲ. ಭಾಳ ಸಣ್ಣದಾದಾಗ ಏಳೂವರೆ ಸೆಂಟಿಮೀಟರ್ ಇತ್ತು.’ ಒಂದೇ ಸೂರ್ಯ, ಒಂದೇ ಮಧ್ಯಾಹ್ನ. ಇಲ್ಲಿಲ್ಲದ ನೆರಳು ಅಲ್ಲೇಕಿದೆ? ಮಗಳು ಮೊದಲು ಮಾವನ ಕೋಲು ಸೊಟ್ಟಗಿದೆ ಎಂದಳು. ಮಾವನಿಗೆ ಸಿಟ್ಟು ಬಂತು. ಆಮೇಲೆ ಅಡುಗೆಮನೆಯಿಂದ ಒಂದು ಕಿತ್ತಳೆ ತಂದು ಎರಡು ಗುಂಡುಸೂಜಿ ಚುಚ್ಚಿ, ಬಿಸಿಲಿಗೆ ಹಿಡಿದು ತಿರುಗಿಸಿದಳು. ಒಂದು ಸೂಜಿಯ ನೆರಳು ಮಾಯವಾದಾಗ ಇನ್ನೊಂದರದು ಉಳಿದುಕೊಂಡಿತ್ತು.

ಮುಂದಿನ ಲೆಕ್ಕಕ್ಕೆ ದೊಡ್ಡ ಗಣಿತವೇನೂ ಬೇಡ. ಅದೇ ಸರಳಿನ ಉದ್ದವನ್ನು ತ್ರಿಜ್ಯ ಮಾಡಿಕೊಂಡು ತಾರಸಿಯ ಮೇಲೆ ಸೀಮೆಸುಣ್ಣದಲ್ಲಿ ಒಂದು ವೃತ್ತ. ಅದರ ಸುತ್ತ ದಾರ ಹಾಸಿ ಅಳೆದರೆ 628 ಸೆಂಟಿಮೀಟರ್ ಬರಬೇಕು. ಅವಳ ದಾರಕ್ಕೆ 630 ಬಂತು. ಏಳೂವರೆ ಸೆಂಟಿಮೀಟರಿನ ನೆರಳು ಅದರಲ್ಲಿ 84 ಸಲ ಕೂರುತ್ತದೆ. ಹಾಗಾದರೆ ಬೆಂಗಳೂರಿನಿಂದ ಕಲಬುರಗಿಗೆ ಇರುವ ದೂರವೂ ಭೂಮಿಯ ಸುತ್ತ 84 ಸಲ ಕೂರಬೇಕು. ಎರಡೂ ಊರು ಹೆಚ್ಚುಕಡಿಮೆ ಒಂದೇ ಉತ್ತರ-ದಕ್ಷಿಣ ಗೆರೆಯ ಮೇಲಿವೆ. ಭೂಪಟದಲ್ಲಿ ಸ್ಕೇಲಿಟ್ಟು ಅಳೆದರೆ ನೇರ ದೂರ ಸುಮಾರು 490 ಕಿಲೋಮೀಟರ್. ಗುಣಿಸಿದಾಗ 41,160. ಭೂಮಿಯ ನಿಜವಾದ ಸುತ್ತಳತೆ ಸುಮಾರು 40,000 ಕಿಲೋಮೀಟರ್. ಪರದೆಯ ಸರಳು, ದಾರ, ಸಿಟ್ಟುಗೊಂಡ ಒಬ್ಬ ಮಾವ ಇಷ್ಟೇ ಬಂಡವಾಳದಲ್ಲಿ ಇದು ಮೋಸವಿಲ್ಲದ ಉತ್ತರ. ಸುಮಾರು 2,200 ವರ್ಷಗಳ ಹಿಂದೆ ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ ಎರಾಟೊಸ್ತನೀಸ್ ಎಂಬಾತ ಇದೇ ಉಪಾಯದಿಂದ ಭೂಮಿಯನ್ನು ಅಳೆದದ್ದನ್ನು ರಾತ್ರಿ ಊಟದ ಹೊತ್ತಿಗೆ ಹೇಳಿದೆ. ‘ಅವನಿಗೂ ಕಲಬುರಗಿಯಲ್ಲಿ ಮಾವ ಇದ್ದನಾ?’ ಎಂದಳು. ಅವನಿಗೆ ಸಯೀನ್ ಎಂಬ ಊರಿತ್ತು, ಈಗಿನ ಅಸ್ವಾನ್.

ಹೀಗೆ ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುವುದಕ್ಕೆ ಹೋಮ್‌ಸ್ಕೂಲಿಂಗ್ ಎನ್ನುತ್ತಾರೆ. ಮನೆಪಾಠ ಎಂದರೆ ನಮ್ಮಲ್ಲಿ ಟ್ಯೂಷನ್ ಎಂದೇ ಅರ್ಥ. ಒಮ್ಮೆ ಹಾಗೆಂದದ್ದಕ್ಕೆ ಎದುರುಮನೆಯವರು ತಿಂಗಳ ಫೀಸು ಕೇಳಿದ್ದರು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ಹೆತ್ತವರ ಕರ್ತವ್ಯ ಎನ್ನುತ್ತದೆ, ಸೇರಿಸದವರಿಗೆ ಶಿಕ್ಷೆಯನ್ನೇನೂ ಹೇಳುವುದಿಲ್ಲ. ಮನೆಯಲ್ಲೇ ಕಲಿತವರು ಮುಂದೆ ಪರೀಕ್ಷೆ ಬರೆಯಲು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್ ಇದೆ. ಮೂರು, ಐದು, ಎಂಟನೇ ತರಗತಿಗೆ ಸಮನಾದ ಹಂತಗಳೂ 14 ತುಂಬಿದವರಿಗೆ ಹತ್ತನೇ ತರಗತಿಯ ಪರೀಕ್ಷೆಯೂ ಅಲ್ಲಿವೆ. ಕಾಗದಪತ್ರದ ಮಾತು ಇಲ್ಲಿಗೆ ಸಾಕು.

ಕನ್ನಡಕ್ಕೆ ಇದು ಹೊಸ ಫ್ಯಾಷನ್ನೇನಲ್ಲ. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಕಲಿಕೆಯ ಪ್ರಯೋಗಗಳನ್ನು ಮಾಡಿದ್ದು ಈ ಇಂಗ್ಲಿಷ್ ಪದ ನಮ್ಮ ಕಿವಿಗೆ ಬೀಳುವ ಎಷ್ಟೋ ಮೊದಲು. ಅವರ ಮಗ, ಹುಲಿಗಳ ಅಧ್ಯಯನಕ್ಕೆ ಹೆಸರಾದ ಉಲ್ಲಾಸ ಕಾರಂತರು ಬಾಲ್ಯದ ಹಲವು ವರ್ಷ ಕಲಿತದ್ದು ಮನೆಯಲ್ಲೇ. ಮಕ್ಕಳಿಗೆಂದು ‘ಬಾಲಪ್ರಪಂಚ’ದ ಸಂಪುಟಗಳನ್ನು ಒಬ್ಬರೇ ಕೂತು ಬರೆದ ಮನುಷ್ಯ ಕಾರಂತರು. ನಮ್ಮಂಥವರಿಂದ ಅದು ಆಗುವ ಮಾತಲ್ಲ.

ನಮ್ಮ ಹೋಮ್‌ಸ್ಕೂಲಿಂಗಿನ ಮೊದಲ ಮೂರು ತಿಂಗಳನ್ನು ನೆನೆಸಿಕೊಂಡರೆ ಈಗಲೂ ನಾಚಿಕೆ. ಗೋಡೆಗೆ ಕರಿಹಲಗೆ ಹೊಡೆಸಿದ್ದೆವು. ಒಂಬತ್ತಕ್ಕೆ ಪ್ರಾರ್ಥನೆ, ಒಂಬತ್ತೂಕಾಲಿಗೆ ಗಣಿತ, ನಡುವೆ ದೇವರಮನೆಯ ಗಂಟೆಯೇ ಬೆಲ್ಲು. ಶಾಲೆಯಲ್ಲಿ ನಮಗೆ ಬೇಡವಾದದ್ದನ್ನೆಲ್ಲ ಹೊತ್ತುತಂದು ಹಾಲಿನಲ್ಲಿ ಸ್ಥಾಪಿಸಿ, ಸ್ನೇಹಿತರನ್ನು ಮಾತ್ರ ಬಿಟ್ಟುಬಂದಿದ್ದೆವು. ಮಗು ಮಂಚದಡಿ ಸೇರಿಕೊಳ್ಳತೊಡಗಿತು. ಕರಿಹಲಗೆ ಈಗ ಇಸ್ತ್ರಿ ಮೇಜಾಗಿದೆ.

ವಿಜ್ಞಾನ ಹೇಗೋ ಅಡುಗೆಮನೆಯಲ್ಲೇ ಸಾಗುತ್ತದೆ. ಅರಿಶಿನಕ್ಕೆ ಸುಣ್ಣದ ತಿಳಿ ಬಿದ್ದು ಕೆಂಪಾಗುವುದನ್ನು ಎಲ್ಲ ಮಕ್ಕಳೂ ಮಾಡುತ್ತಾರೆ. ತೊಡಕು ಬರುವುದು ಇತಿಹಾಸಕ್ಕೆ. ಕಳೆದುಹೋದದ್ದನ್ನು ಕೈಗೆ ಕೊಡುವುದು ಹೇಗೆ?

ಗಣೇಶನ ಹಬ್ಬದಲ್ಲಿ ಉಳಿದ ಜೇಡಿಮಣ್ಣು ನಮಗೆ ದಾರಿ ತೋರಿಸಿತು. ಅದನ್ನು ಹಲಗೆಯಂತೆ ತಟ್ಟಿ ಮೊಳೆಯಿಂದ ತನ್ನ ಹೆಸರು ಕೊರೆಯುವಾಗ ಒಂದು ಒತ್ತಕ್ಷರ ಬಿಟ್ಟಳು. ಮಣ್ಣಿಗೆ ರಬ್ಬರಿಲ್ಲ. ಆ ಒತ್ತನ್ನು ಕೆಳಗಿನ ಸಾಲಿನೊಳಗೆ ತುರುಕಬೇಕಾಯಿತು. ಒಣಗಿದ ಮೇಲೆ ಒದ್ದೆ ಕಾಗದ ಹಾಸಿ, ಹಳೆಯ ಶೂ ಬ್ರಷ್ಷಿನಿಂದ ಮೆಲ್ಲಗೆ ಬಡಿದರೆ ಕಾಗದ ಅಕ್ಷರದ ಹಳ್ಳಕ್ಕೆ ಇಳಿಯುತ್ತದೆ. ಬಟ್ಟೆಯುಂಡೆಗೆ ಮಸಿ ಮೆತ್ತಿ ಮೇಲೆ ತಟ್ಟಿದಾಗ ಸುತ್ತೆಲ್ಲ ಕಪ್ಪಾಗಿ ಅಕ್ಷರ ಮಾತ್ರ ಬಿಳಿ ಉಳಿಯುತ್ತದೆ. ಶಾಸನತಜ್ಞರು ಪಡಿಯಚ್ಚು ತೆಗೆಯುವುದೂ ಹೀಗೇ. (ನಿಜವಾದ ಶಾಸನಗಳ ಮೇಲೆ ಇದನ್ನು ಮಾಡಬೇಡಿ. ಅಪ್ಪಣೆ ಬೇಕು, ಕಲ್ಲೂ ಹಾಳಾಗುತ್ತದೆ.)

ಇಷ್ಟಾದ ಮೇಲೆ ಬೇಗೂರಿಗೆ ಹೋದೆವು. ಬೆಂಗಳೂರು ಕಾಳಗದಲ್ಲಿ ಮಡಿದವನನ್ನು ನೆನೆಯುವ, ಸುಮಾರು ಕ್ರಿ.ಶ. 890ರ ಶಾಸನ ಅಲ್ಲಿದೆ. ಬೇಯಿಸಿದ ಕಾಳು ತಿಂದ ವೀರಬಲ್ಲಾಳ ಊರಿಗೆ ಬೆಂದಕಾಳೂರು ಎಂದು ಹೆಸರಿಟ್ಟ ಎಂಬ ಕಥೆ ಅವಳಿಗೆ ಅಜ್ಜಿಯಿಂದ ಬಾಯಿಪಾಠವಾಗಿತ್ತು. ಆದರೆ ಆ ದೊರೆಗಿಂತ ಸುಮಾರು 300 ವರ್ಷ ಮೊದಲೇ ಕಲ್ಲಿನಲ್ಲಿ ಬೆಂಗಳೂರು ಇದೆಯಲ್ಲ! ಮನೆಗೆ ಬಂದವಳೇ ‘ಅಜ್ಜಿ, ನೀನು ಹೇಳಿದ್ದು ಸುಳ್ಳಾ?’ ಎಂದಳು. ‘ನಾನು ಹೇಳಿದ್ದು ಕಥೆ ಕಣೇ. ಕೋರ್ಟಲ್ಲಿ ಸಾಕ್ಷಿ ಹೇಳಿದ್ನಾ?’ ಅಂದರು ನಮ್ಮಮ್ಮ. ಕಥೆಗೂ ಸಾಕ್ಷ್ಯಕ್ಕೂ ಇರುವ ಅಂತರವನ್ನು ಇದಕ್ಕಿಂತ ಚೆನ್ನಾಗಿ ಹೇಳಲು ನನಗಂತೂ ಬರುವುದಿಲ್ಲ. ಬೇಗೂರಿಗೆ ಹೋಗಲಾಗದವರಿಗೆಂದು ಮಿಥಿಕ್ ಸೊಸೈಟಿ ಎಂಬ ಸಂಸ್ಥೆ ಬೆಂಗಳೂರು ಸುತ್ತಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಟ್ಟಿದೆ. ಪರದೆಯ ಮೇಲೆ ಬೆಳಕನ್ನು ಓರೆ ಮಾಡಿ ಓದಬಹುದು.

ಇದಕ್ಕೆಲ್ಲ ತೆತ್ತ ಬೆಲೆಯನ್ನೂ ಹೇಳಬೇಕು. ಹೆಂಡತಿ ಕೆಲಸ ಬಿಟ್ಟಳು. ನಾನು ಬಿಡಲಿಲ್ಲ, ಮತ್ತು ಹೆಚ್ಚಿನ ಮನೆಗಳಲ್ಲಿ ಹೀಗೇ ಆಗುತ್ತದೆ. ಸಂಜೆ ನಾಲ್ಕಕ್ಕೆ ಶಾಲೆಯ ಬಸ್ಸು ಬಂದು ನಿಂತಾಗ ಮಗಳು ಗೇಟಿನ ಹತ್ತಿರ ಕಾಯುವುದನ್ನು ನೋಡಿದರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಒಂದೇ ಸಂಬಳದಲ್ಲಿ ನಡೆಯುವ ಮನೆ, ಪುಸ್ತಕ, ಇಂಟರ್ನೆಟ್ ಇದ್ದವರಿಗೆ ಮಾತ್ರ ಇದು ಆಯ್ಕೆ. ಅಕ್ಕನ ಕೂಸನ್ನು ಎತ್ತಿಕೊಂಡು ಮನೆಯಲ್ಲುಳಿದ ಹುಡುಗಿಗೆ ಶಾಲೆಯೇ ಬಿಡುಗಡೆ. ಹಾಗಾಗಿ ಶಾಲೆ ಬಿಡಿಸಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಇಲ್ಲಿ ಬರೆದ ಯಾವುದಕ್ಕೂ ಶಾಲೆ ಬಿಡಬೇಕಾಗಿಯೂ ಇಲ್ಲ, ಒಂದು ರಜೆಯ ದಿನ ಸಾಕು.

ಬೆಂಗಳೂರಿನಲ್ಲಿ ಎರಡನೇ ಶೂನ್ಯ ನೆರಳು ಆಗಸ್ಟ್ 18ರ ಸುಮಾರಿಗೆ, ಮಧ್ಯಾಹ್ನ 12 ಗಂಟೆ 24 ನಿಮಿಷದ ಹೊತ್ತಿಗೆ. ಮಳೆಗಾಲ, ಮೋಡ ಕವಿದಿರುವ ಸಂಭವವೇ ಹೆಚ್ಚು. ಆದರೂ ಒಂದು ನೇರವಾದ ಕೋಲು ಹುಡುಕಿಡಿ, ಬಡಗಣ ಊರಲ್ಲಿರುವ ನೆಂಟರಿಗೆ ಮುಂಚೆಯೇ ಒಂದು ಫೋನು ಮಾಡಿಡಿ.